ಜಾ ಕ್ರಷರ್ ರಿಪೇರಿ: ಕೈ ಸುಡುವ ತಪ್ಪುಗಳು, ಸರಿಯಾದ ಕ್ರಮ

ಜಾ ಕ್ರಷರ್ ಕಲ್ಲನ್ನು ಎರಡು ಉಕ್ಕಿನ ದವಡೆಗಳ (ಜಾ) ನಡುವೆ ಒಡೆದು ಜಲ್ಲಿ ಮಾಡುತ್ತದೆ; ಒಂದು ಜಾ ನಿಂತಿರುತ್ತದೆ, ಇನ್ನೊಂದು ಚಲಿಸುತ್ತದೆ. ಕಲ್ಲು ತಾಗುವ ಜಾ ಪ್ಲೇಟ್ ಸವೆಯಲೇಬೇಕು, ಅದು ಇರುವುದೇ ಸವೆಯಲಿಕ್ಕೆ. ಬೇರಿಂಗ್, ಜಾವನ್ನು ಆಡಿಸುವ ಎಕ್ಸೆಂಟ್ರಿಕ್ ಶಾಫ್ಟ್, ಫ್ರೇಮ್ ಇವು ಹಾಗಲ್ಲ. ಇವು ವರ್ಷಗಟ್ಟಲೆ ಬಾಳಬೇಕಾದ ಭಾಗಗಳು. ಇವು ಅವಧಿಗೆ ಮೊದಲೇ ಹೋದಾಗ ಎಲ್ಲರೂ ಕಲ್ಲನ್ನು ಬಯ್ಯುತ್ತಾರೆ. ಬಿಚ್ಚಿ ನೋಡಿದರೆ ಬಹಳಷ್ಟು ಸಲ ಸಿಗುವುದು ಹಿಂದಿನ ರಿಪೇರಿಯ ಗುರುತು: ಬೆಸುಗೆ ಹಾಕಿದ ಟಾಗಲ್ (ಚಲಿಸುವ ಜಾದ ಕೆಳತುದಿಗೆ ಹಿಂದಿನಿಂದ ಆಸರೆ ಕೊಡುವ ಪ್ಲೇಟ್), ಸುತ್ತಿಗೆ ಏಟು ತಿಂದ ಬೇರಿಂಗ್ ರಿಂಗ್, ಸಂತೆಯಲ್ಲಿ ಸಿಕ್ಕ ಬೋಲ್ಟ್. ಒಂದು ಗಂಟೆ ಉಳಿಸಲು ಮಾಡಿದ ಕೆಲಸ ಹದಿನೈದು ದಿನ ಯಂತ್ರ ನಿಲ್ಲಿಸುತ್ತದೆ.

ಈ ಲೇಖನ ಸಿಂಗಲ್ ಟಾಗಲ್ ಜಾ ಕ್ರಷರ್ ಇಟ್ಟುಕೊಂಡವರಿಗೆ, ಅಂದರೆ 30×20, 36×24 ಇಂಚಿನ ಬಾಯಿಯ ಯಂತ್ರಗಳನ್ನು ಓಡಿಸುವ ಮಾಲೀಕರು, ಫಿಟ್ಟರ್‌ಗಳು ಮತ್ತು ಆಪರೇಟರ್‌ಗಳಿಗೆ. ಇಲ್ಲಿರುವ ಅಳತೆಗಳಿಗೂ ನಿಮ್ಮ ಯಂತ್ರದ ಮ್ಯಾನುಯಲ್‌ಗೂ ವ್ಯತ್ಯಾಸ ಕಂಡರೆ ಮ್ಯಾನುಯಲ್ಲೇ ಸರಿ.

ಕೈ ಹಾಕುವ ಮೊದಲು

ಸ್ಟಾರ್ಟರ್‌ನ ಬಟನ್ ಒತ್ತಿ ನಿಲ್ಲಿಸಿದರೆ ಯಂತ್ರ ಬಂದ್ ಆದಂತಲ್ಲ. ಮೇನ್ ಐಸೊಲೇಟರ್ ಇಳಿಸಿ, ಬೀಗ ಹಾಕಿ, ಬೀಗದ ಕೈಯನ್ನು ಒಳಗೆ ಇಳಿಯುವವನ ಜೇಬಿನಲ್ಲೇ ಇಡಿ. ಇಬ್ಬರು ಇಳಿದರೆ ಎರಡು ಬೀಗ. ಆಮೇಲೆ ಒಮ್ಮೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಇಷ್ಟಾದರೂ ಕ್ರಷರ್ ಒಳಗೆ ಮೂರು ಕಡೆ ಬಲ ಅಡಗಿರುತ್ತದೆ. ಫ್ಲೈವೀಲ್‌ನ ಭಾರದ ಬದಿ ಮೇಲೆ ನಿಂತಿದ್ದರೆ, ಬೆಲ್ಟ್ ಬಿಚ್ಚಿದ ಕ್ಷಣ ಅದು ತಾನೇ ಉರುಳಿ ಜಾ ಮುಚ್ಚಬಹುದು. ಫ್ಲೈವೀಲ್‌ಗೆ ಎರಡೂ ಬದಿಯಿಂದ ಮರದ ಗಟ್ಟಿ ಕೊಡಿ. ಎರಡನೆಯದು ಟಾಗಲ್ ಕಳಚದಂತೆ ಜಾವನ್ನು ಹಿಂದಕ್ಕೆ ಎಳೆದು ಹಿಡಿಯುವ ಟೆನ್ಷನ್ ರಾಡ್‌ನ ಸ್ಪ್ರಿಂಗ್, ಅದು ಒತ್ತಿಕೊಂಡೇ ಇರುತ್ತದೆ. ಮೂರನೆಯದು ಬಾಯಲ್ಲಿ ಸಿಕ್ಕ ಕಲ್ಲು. ಸಿಕ್ಕಿಕೊಂಡ ಕಲ್ಲನ್ನು ಬಿಡಿಸಲು ಹಾರೆ ಹಿಡಿದು ಜಾ ಮೇಲೆ ನಿಲ್ಲುವುದು, ಮೇಲಿನಿಂದ ಮೋಟರ್ ‘ಸ್ವಲ್ಪ ಜಗ್ಗಿಸು’ ಎನ್ನುವುದು ಎರಡೂ ಪ್ರಾಣ ತೆಗೆಯುವ ಕೆಲಸ. ಹಾರೆ ತಿರುಗಿ ಬಂದು ಹೊಡೆಯುತ್ತದೆ. ದೊಡ್ಡ ಕಲ್ಲನ್ನು ಹುಕ್ ಮತ್ತು ಚೈನ್ ಹಾಕಿ ಹೊರಗಿನಿಂದ ಎತ್ತಿಸಿ, ಇಲ್ಲವೇ ರಾಕ್ ಬ್ರೇಕರ್‌ನಿಂದ ಒಡೆಸಿ.

ಟಾಗಲ್ ಪ್ಲೇಟ್: ಮುರಿಯಲೆಂದೇ ಇಟ್ಟ ಭಾಗ

ಮನೆಯ ಫ್ಯೂಸ್‌ಗೆ ದಪ್ಪ ತಂತಿ ಸುತ್ತಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಟಾಗಲ್ ಪ್ಲೇಟಿಗೆ ಬೆಸುಗೆ ಹಾಕುವುದೂ ಅದೇ ತಪ್ಪು. ಇಟಾಚಿಯ ಬಕೆಟ್ ಹಲ್ಲು ಕಳಚಿ ಕಲ್ಲಿನ ಜೊತೆ ಜಾ ಒಳಗೆ ಬಿದ್ದರೆ ಅದು ಒಡೆಯುವುದಿಲ್ಲ. ಆಗ ಏನಾದರೊಂದು ಮುರಿಯಬೇಕು. ಟಾಗಲ್ ಮೊದಲು ಮುರಿಯಲಿ ಎಂದೇ ಅದನ್ನು ಲೆಕ್ಕ ಹಾಕಿ ಮಾಡಿರುತ್ತಾರೆ. ಅದನ್ನು ದಪ್ಪ ಪ್ಲೇಟಿನಿಂದ ಕತ್ತರಿಸಿ ಮಾಡಿಸಿದರೆ, ಅಥವಾ ಮುರಿದದ್ದಕ್ಕೆ ಪಟ್ಟಿ ಇಟ್ಟು ವೆಲ್ಡ್ ಹೊಡೆದರೆ, ಆ ಬಲ ನೇರವಾಗಿ ಶಾಫ್ಟಿಗೆ, ಬೇರಿಂಗಿಗೆ, ಫ್ರೇಮಿಗೆ ಹೋಗುತ್ತದೆ. ಟಾಗಲ್ ಈ ಮೂರರ ಮುಂದೆ ಚಿಲ್ಲರೆ ಸಾಮಾನು. ಮೂಲ ಅಳತೆಯ ಒಂದು ಟಾಗಲ್ ಸ್ಟೋರ್‌ನಲ್ಲಿ ಸದಾ ಇರಲಿ.

ಬದಲಿಸುವ ಕ್ರಮ:

1. ಬಾಯಿಯಲ್ಲಿರುವ ಕಲ್ಲೆಲ್ಲ ಖಾಲಿ ಮಾಡಿ.
2. ಚಲಿಸುವ ಜಾ ಕೆಳತುದಿಗೆ ವೈರ್ ರೋಪ್ ಕಟ್ಟಿ ಚೈನ್ ಬ್ಲಾಕ್‌ನಲ್ಲಿ ಹಿಡಿದು ನಿಲ್ಲಿಸಿ. ಟಾಗಲ್ ತೆಗೆದರೆ ಜಾ ಜೋಲುತ್ತದೆ.
3. ಜಾ ಹಿಡಿತಕ್ಕೆ ಬಂದ ಮೇಲೆಯೇ ಟೆನ್ಷನ್ ರಾಡ್‌ನ ನಟ್ ಸಡಿಲಿಸಿ, ಸ್ಪ್ರಿಂಗ್ ಒತ್ತಡ ಪೂರ್ತಿ ಇಳಿಸಿ.
4. ಚೈನ್ ಬ್ಲಾಕ್‌ನಿಂದ ಜಾವನ್ನು ಮುಂದಕ್ಕೆ ಎಳೆದಾಗ ಟಾಗಲ್ ಸಡಿಲವಾಗುತ್ತದೆ. ಅದನ್ನು ಇನ್ನೊಂದು ಚೈನ್‌ನಲ್ಲಿ ಹಿಡಿದು ಹೊರತೆಗೆಯಿರಿ. ಕೆಳಗೆ ಯಾರೂ ಇರಬಾರದು.
5. ಎರಡೂ ಟಾಗಲ್ ಸೀಟ್ ನೋಡಿ. ಒಂದು ಬದಿ ಹೆಚ್ಚು ಸವೆದಿದ್ದರೆ ಹೊಸ ಟಾಗಲ್ ಅಡ್ಡಡ್ಡ ಕೂತು ಬೇಗ ಮುರಿಯುತ್ತದೆ. ಟಾಗಲ್ ಬದಲಿಸಿ ಸೀಟ್ ಹಾಗೇ ಬಿಡುವುದು ಅರ್ಧ ಕೆಲಸ.
6. ಸೀಟ್‌ನ ದೂಳನ್ನು ಬಟ್ಟೆಯಿಂದ ಒರೆಸಿ ಕೂರಿಸಿ. ಹೆಚ್ಚಿನ ಯಂತ್ರಗಳಲ್ಲಿ ಇಲ್ಲಿ ಗ್ರೀಸ್ ಹಚ್ಚಬಾರದು. ಗ್ರೀಸ್‌ಗೆ ಕಲ್ಲುದೂಳು ಅಂಟಿದರೆ ಅರೆಯುವ ಪೇಸ್ಟ್ ಆಗುತ್ತದೆ.
7. ಸ್ಪ್ರಿಂಗನ್ನು ಮ್ಯಾನುಯಲ್ ಹೇಳಿದ ಉದ್ದಕ್ಕೆ ಬಿಗಿ ಮಾಡಿ. ಸಡಿಲವಾದರೆ ಪ್ರತಿ ಸುತ್ತಿಗೂ ಟಾಗಲ್ ‘ಟಕ್ ಟಕ್’ ಎನ್ನುತ್ತದೆ. ಅತಿ ಬಿಗಿಯಾದರೆ ರಾಡ್ ತುಂಡಾಗುತ್ತದೆ.

ಮೇಲಿಂದ ಮೇಲೆ ಟಾಗಲ್ ಮುರಿಯುತ್ತಿದ್ದರೆ ಟಾಗಲ್‌ನದ್ದು ತಪ್ಪಲ್ಲ. ಜಲ್ಲಿ ಹೊರಬೀಳುವ ಕೆಳಬಾಯಿಯನ್ನು ಮಿತಿಗಿಂತ ಕಿರಿದು ಮಾಡಿದ್ದೀರಾ, ಮಣ್ಣು ಮತ್ತು ಪುಡಿ ಬಾಯಲ್ಲಿ ಗಟ್ಟಿ ಕಟ್ಟುತ್ತಿದೆಯೇ ನೋಡಿ. ಕಲ್ಲಿನ ಸೈಜ್ ಬಾಯಿಯ ಅಗಲದ ನೂರಕ್ಕೆ 80-85 ಮೀರಬಾರದು. 36×24 ಯಂತ್ರದ ಬಾಯಿ 24 ಇಂಚು, ಅಂದರೆ ಸುಮಾರು 20 ಇಂಚಿನ ಕಲ್ಲು ಗರಿಷ್ಠ. ‘ಹೇಗೋ ಇಳಿಯುತ್ತದೆ’ ಎಂದು ಹಾಕಿದ ಕಲ್ಲು ಬಾಯಿಯಲ್ಲೇ ಕುಣಿಯುತ್ತ ಜಾ ಪ್ಲೇಟ್‌ನ ಮೇಲ್ಭಾಗವನ್ನು ತಿನ್ನುತ್ತದೆ.

ಜಾ ಪ್ಲೇಟ್

ಜಾ ಪ್ಲೇಟ್ ಮ್ಯಾಂಗನೀಸ್ ಉಕ್ಕಿನದು, ಸಾಮಾನ್ಯವಾಗಿ ನೂರಕ್ಕೆ 12-14 ಭಾಗ ಮ್ಯಾಂಗನೀಸ್. ಹೊಸದಾಗಿದ್ದಾಗ ಇದು ಮೆತ್ತಗೆ, ಗಟ್ಟಿತನದ ಅಳತೆಯಲ್ಲಿ 200 ಬ್ರಿನೆಲ್‌ನ ಆಸುಪಾಸು. ಕಲ್ಲಿನ ಏಟು ತಿನ್ನುತ್ತ ಮೇಲ್ಪದರ 450ರ ಮೇಲೆ ಗಟ್ಟಿಯಾಗುತ್ತದೆ. ಏಟು ತಿಂದಾಗ ಲೋಹ ಬದಿಗೆ ಹರಿಯುವುದರಿಂದ ಪ್ಲೇಟ್ ಹಿಗ್ಗುತ್ತದೆ. ಅಂಚಿನಲ್ಲಿ ತುಟಿಯ ಹಾಗೆ ಉಬ್ಬಿ ಪಕ್ಕದ ಗೋಡೆಯ ಚೀಕ್ ಪ್ಲೇಟನ್ನು ಒತ್ತುತ್ತದೆ. ಇದನ್ನು ಗ್ರೈಂಡ್ ಮಾಡದೆ ಬಿಟ್ಟರೆ ಪ್ಲೇಟಿಗೆ ಜಾಗ ಸಾಲದೆ ಅದನ್ನು ಬಿಗಿದಿಟ್ಟ ವೆಜ್ ಬೋಲ್ಟ್ ಕತ್ತರಿಸುತ್ತದೆ, ಅಥವಾ ಪ್ಲೇಟ್ ಬೆನ್ನು ಬಾಗಿ ಸೀಟ್‌ನಿಂದ ಏಳುತ್ತದೆ.

ಕೆಳಗಿನ ಅರ್ಧ ಮೊದಲು ಸವೆಯುತ್ತದೆ. ಹಲ್ಲು ಪೂರ್ತಿ ನುಣುಪಾಗುವವರೆಗೆ ಕಾಯದೆ ಪ್ಲೇಟನ್ನು ತಲೆಕೆಳಗು ಮಾಡಿ ಹಾಕಿ. ತಡ ಮಾಡಿದರೆ ದಪ್ಪ ಉಳಿದಿಲ್ಲದ ಜಾಗದಲ್ಲಿ ಪ್ಲೇಟ್ ಸೀಳುತ್ತದೆ.

ಹೊಸ ಪ್ಲೇಟ್ ಹಾಕುವಾಗ ದುಬಾರಿ ತಪ್ಪು ಆಗುವುದು ಅದರ ಬೆನ್ನ ಹಿಂದೆ. ಸೀಟ್ ಮೇಲೆ ಅಂಟಿದ ಪುಡಿ, ಹಳೆಯ ವೆಲ್ಡ್ ಉಂಡೆ, ತುಕ್ಕಿನ ಹೊಪ್ಪಳೆ ಕೆರೆದು ತೆಗೆಯಿರಿ. ಪ್ಲೇಟ್ ಕೂರಿಸಿ ಅಂಚಿನ ಸುತ್ತ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಉಕ್ಕಿನ ಹಾಳೆಗಳು) ತೂರಿಸಿ ನೋಡಿ. ಒಂದು ಕಡೆ ತೂರಿ ಇನ್ನೊಂದು ಕಡೆ ತೂರದಿದ್ದರೆ ಪ್ಲೇಟ್ ಆಡುತ್ತದೆ. ಆಡುವ ಪ್ಲೇಟ್ ನಿಮಿಷಕ್ಕೆ ಇನ್ನೂರಕ್ಕೂ ಹೆಚ್ಚು ಸಲ ಸೀಟನ್ನು ಗುದ್ದುತ್ತದೆ. ಕೆಲವು ತಿಂಗಳಲ್ಲಿ ಸೀಟಿನಲ್ಲೇ ಗುಳಿ ಬೀಳುತ್ತದೆ. ಆಗ ಹಾಳಾದದ್ದು ಪ್ಲೇಟ್ ಅಲ್ಲ, ಅದನ್ನು ಹೊತ್ತ ಜಾ ಸ್ಟಾಕ್. ವೆಜ್ ಬೋಲ್ಟ್‌ಗಳನ್ನು ಲೋಡ್ ಕೊಟ್ಟ ಮೊದಲ ಎರಡು ಗಂಟೆಯ ಮೇಲೆ ಒಮ್ಮೆ, ಶಿಫ್ಟ್ ಮುಗಿದ ಮೇಲೆ ಮತ್ತೊಮ್ಮೆ, ಮರುದಿನ ಬೆಳಿಗ್ಗೆ ಇನ್ನೊಮ್ಮೆ ಬಿಗಿ ಮಾಡಿ. ಹೊಸ ಪ್ಲೇಟ್ ಕೂತುಕೊಳ್ಳುತ್ತ ಹೋದಂತೆ ಬೋಲ್ಟ್ ಸಡಿಲವಾಗುವುದು ಸಹಜ, ಬಿಗಿ ಮಾಡದೆ ಬಿಡುವುದು ಸಹಜವಲ್ಲ.

ಸವೆದ ಹಲ್ಲಿಗೆ ವೆಲ್ಡ್ ತುಂಬಿಸುವುದಾದರೆ ಒಂದು ನಿಯಮ ಮುರಿಯಬೇಡಿ: ಮ್ಯಾಂಗನೀಸ್ ಉಕ್ಕು 260 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯಬಾರದು. ಕಾದರೆ ಒಳಗೆ ಕಾರ್ಬೈಡ್ ಹುಟ್ಟಿ ಗಾಜಿನ ಹಾಗೆ ಪೆಡಸಾಗುತ್ತದೆ. ಮುಂಚಿತವಾಗಿ ಕಾಯಿಸಬೇಡಿ, ಮ್ಯಾಂಗನೀಸ್ ರಾಡ್ ಬಳಸಿ, ಚಿಕ್ಕ ಚಿಕ್ಕ ಗೆರೆ ಹಾಕಿ ಜಾಗ ಬದಲಿಸುತ್ತ ಹೋಗಿ. ಪ್ರತಿ ಗೆರೆಯ ನಂತರ ಟೆಂಪರೇಚರ್ ಗನ್ ಹಿಡಿಯಿರಿ.

ಇಲ್ಲೇ ಒಂದು ಮಾತು. ಕನ್ವೇಯರ್ ಮೇಲೆ ಮ್ಯಾಗ್ನೆಟ್ ಇದೆ, ಮುಂದಿನ ಕೋನ್ ಕ್ರಷರ್‌ಗೆ ಕಬ್ಬಿಣ ಹೋಗುವುದಿಲ್ಲ ಎಂದು ನಂಬಿ ಕೂರಬೇಡಿ. ಮುರಿದ ಜಾ ಪ್ಲೇಟ್ ಚೂರು ಮ್ಯಾಗ್ನೆಟ್‌ಗೆ ಹಿಡಿಯುವುದಿಲ್ಲ, ಏಕೆಂದರೆ ಮ್ಯಾಂಗನೀಸ್ ಉಕ್ಕಿಗೆ ಆಕರ್ಷಣೆ ಇಲ್ಲ. ಅದಕ್ಕೆ ಮೆಟಲ್ ಡಿಟೆಕ್ಟರ್ ಬೇಕು.

ಬೇರಿಂಗ್

ಹೆಚ್ಚು ದುಡ್ಡು ಹೋಗುವುದು ಇಲ್ಲೇ, ಹಾಗಾಗಿ ಇಲ್ಲಿ ನಿಧಾನವಾಗಿ ಹೋಗೋಣ.

ಕ್ರಷರ್‌ನಲ್ಲಿ ನಾಲ್ಕು ದೊಡ್ಡ ಸ್ಫೆರಿಕಲ್ ರೋಲರ್ ಬೇರಿಂಗ್: ಫ್ರೇಮಿನಲ್ಲಿ ಎರಡು, ಚಲಿಸುವ ಜಾದಲ್ಲಿ ಎರಡು. ಕೊಳ್ಳುವಾಗ ನಂಬರ್‌ನ ಬಾಲವನ್ನೂ ಓದಿ. ಉದಾಹರಣೆಗೆ 22328 ನಂಬರಿನ ನಂತರ ‘ಕೆ’ ಇದ್ದರೆ ಒಳತೂತು ಟೇಪರ್ (ಒಂದು ಕಡೆ ಕಿರಿದು), ಶಾಫ್ಟಿಗೆ ಹಾಕಿದ ಸ್ಲೀವ್ ಎಂಬ ಕೊಳವೆಯ ಮೇಲೆ ಕೂರುವಂಥದ್ದು. ‘ಡಬ್ಲ್ಯು33’ ಎಂದರೆ ಹೊರ ರಿಂಗಿನಲ್ಲಿ ಗ್ರೀಸ್ ಹೋಗುವ ಕಾಲುವೆ ಮತ್ತು ತೂತು ಇದೆ. ‘ಸಿ3’ ಎಂದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚು. ಹಳೆಯದರಲ್ಲಿ ಸಿ3 ಇದ್ದು ನೀವು ಸಾದಾ ಹಾಕಿದರೆ, ಬಿಸಿಯಾದಾಗ ಸಡಿಲ ಮುಗಿದು ಬೇರಿಂಗ್ ಹಿಡಿದುಕೊಳ್ಳುತ್ತದೆ. ಜಲ್ಲಿ ಜರಡಿ ಹಿಡಿಯುವ ಶೇಕರ್ ಸ್ಕ್ರೀನ್‌ಗೆ ಬರುವ ಬೇರಿಂಗ್ ಬೇರೆ, ನಂಬರ್ ಒಂದೇ ಎಂದು ಅದಲುಬದಲು ಮಾಡಬೇಡಿ. ನಕಲಿ ಬೇರಿಂಗ್‌ಗಳು ಅಸಲಿಯ ಡಬ್ಬಿಯಲ್ಲೇ ಬರುತ್ತವೆ. ಅಧಿಕೃತ ಡೀಲರ್ ಬಿಲ್ ಇಲ್ಲದೆ ಕೊಳ್ಳಬೇಡಿ. ಡಬ್ಬಿಯ ಕೋಡ್ ಪರೀಕ್ಷಿಸಲು ದೊಡ್ಡ ಕಂಪನಿಗಳು ಆ್ಯಪ್ ಕೊಟ್ಟಿವೆ, ಬಳಸಿ.

ಟೇಪರ್ ಸ್ಲೀವ್ ಮೇಲೆ 22328 ಕೆ ಸಿ3 ಕೂರಿಸುವ ಕ್ರಮ ಹೀಗಿದೆ:

ಮೊದಲು ಜಾಗ. ದೂಳು ಹಾರುವ ಅಂಗಳದಲ್ಲಿ ಬೇರಿಂಗ್ ಡಬ್ಬಿ ಬಿಚ್ಚಬೇಡಿ. ಅಕ್ಕಪಕ್ಕದ ಲೈನ್ ನಿಲ್ಲಿಸಿ, ಟಾರ್ಪಾಲ್ ಕಟ್ಟಿ, ಕೈ ತೊಳೆದು, ಕೂರಿಸುವ ಹೊತ್ತಿಗಷ್ಟೇ ಬಿಚ್ಚಿ. ಬೇರಿಂಗ್‌ಗೆ ಹಚ್ಚಿರುವ ಎಣ್ಣೆಯನ್ನು ಡೀಸೆಲ್‌ನಲ್ಲಿ ತೊಳೆಯಬೇಡಿ, ಒಳತೂತನ್ನು ಮಾತ್ರ ಒರೆಸಿದರೆ ಸಾಕು.

ಬೇರಿಂಗನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ. ಒಳರಿಂಗನ್ನು ಕೈಯಿಂದ ಎರಡು-ಮೂರು ಸುತ್ತು ತಿರುಗಿಸಿದರೆ ರೋಲರ್‌ಗಳು ಅವುಗಳ ಜಾಗಕ್ಕೆ ಬರುತ್ತವೆ. ಈಗ ಮೇಲ್ತುದಿಯ ರೋಲರ್‌ಗೂ ಹೊರರಿಂಗಿಗೂ ನಡುವೆ ಫೀಲರ್ ಗೇಜ್ ತೂರಿಸಿ. ತೆಳು ಹಾಳೆಯಿಂದ ಶುರು ಮಾಡಿ, ಸ್ವಲ್ಪ ತಡೆಯೊಂದಿಗೆ ಜಾರುವ ಹಾಳೆವರೆಗೆ ಹೋಗಿ. ಎರಡೂ ಸಾಲು ಅಳೆಯಿರಿ. 140 ಮಿ.ಮೀ. ಒಳತೂತಿನ ಸಿ3ಯಲ್ಲಿ 0.160ರಿಂದ 0.200 ಮಿ.ಮೀ. ನಡುವೆ ಸಿಗಬೇಕು. 0.180 ಸಿಕ್ಕಿತು ಎಂದಿಟ್ಟುಕೊಳ್ಳಿ. ಬರೆದಿಡಿ.

ಸ್ಲೀವ್‌ನ ಹೊರಮೈಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ ಬೇರಿಂಗ್ ಏರಿಸಿ, ನಟ್ ಬಿಗಿ ಮಾಡುತ್ತ ಹೋಗಿ. ಬೇರಿಂಗ್ ಟೇಪರ್ ಮೇಲೆ ಏರಿದಷ್ಟೂ ಒಳರಿಂಗ್ ಹಿಗ್ಗಿ ಸಡಿಲ ಕಡಿಮೆಯಾಗುತ್ತದೆ. ಈ ಅಳತೆಯ ಬೇರಿಂಗಿಗೆ ಸಡಿಲ 0.065ರಿಂದ 0.090 ಮಿ.ಮೀ. ಇಳಿಯಬೇಕು. ಅಂದರೆ 0.180 ಇದ್ದದ್ದು 0.115ರಿಂದ 0.090ರ ನಡುವೆ ನಿಲ್ಲಬೇಕು. ಅಷ್ಟಾಗಲು ಬೇರಿಂಗ್ ಸ್ಲೀವ್ ಮೇಲೆ 1.1ರಿಂದ 1.4 ಮಿ.ಮೀ. ಏರುತ್ತದೆ. ಶಾಫ್ಟ್ ಮೇಲೆ ಕೂತ ಬೇರಿಂಗ್‌ನಲ್ಲಿ ಹೊರರಿಂಗ್ ಜೋಲುವುದರಿಂದ ಈಗ ಕೆಳಗಡೆ ಅಳೆಯಬೇಕು, ಮೇಲೆ ಅಲ್ಲ. ಇದನ್ನು ಮರೆತು ಮೇಲೆ ಅಳೆದು ‘ಸಡಿಲವೇ ಇಲ್ಲ’ ಎಂದು ನಟ್ ಸಡಿಲಿಸಿದ ಬೇರಿಂಗ್ ಸ್ಲೀವ್ ಮೇಲೆ ಜಾರಿ ಶಾಫ್ಟ್ ಕೊರೆಯುತ್ತದೆ.

ಸಾಕಷ್ಟು ಏರಿಸದಿದ್ದರೆ ಜಾರುತ್ತದೆ, ಅತಿಯಾಗಿ ಏರಿಸಿದರೆ ಒಳರಿಂಗ್ ಸೀಳುತ್ತದೆ. ಎರಡರ ನಡುವಿನ ಅಂತರ ಮಿಲಿಮೀಟರಿನ ನೂರನೇ ಎರಡೂವರೆ ಭಾಗ. ಕೈಯ ಅಂದಾಜಿಗೆ ಇದು ಸಿಗುವುದಿಲ್ಲ, ಎಂಥ ಅನುಭವಿ ಫಿಟ್ಟರ್‌ಗೂ ಸಿಗುವುದಿಲ್ಲ. ಫೀಲರ್ ಗೇಜ್‌ನ ಬೆಲೆ ಬೇರಿಂಗ್ ಬೆಲೆಯ ಮುಂದೆ ಏನೂ ಅಲ್ಲ.

ಕೊನೆಗೆ ಲಾಕ್ ವಾಷರ್‌ನ ಕಿವಿಯನ್ನು ನಟ್‌ನ ಕಚ್ಚಿಗೆ ಮಡಚಿ. ಕಚ್ಚು ಸರಿಹೊಂದದಿದ್ದರೆ ನಟ್ ಸ್ವಲ್ಪ ಮುಂದಕ್ಕೆ ತಿರುಗಿಸಿ, ಹಿಂದಕ್ಕೆ ಬೇಡ.

ನೇರ ತೂತಿನ ಬೇರಿಂಗನ್ನು ಕಾಯಿಸಿ ಹಾಕಬೇಕಾದರೆ ಇಂಡಕ್ಷನ್ ಹೀಟರ್ ಅಥವಾ ಎಣ್ಣೆ ಬಾಣಲೆ ಬಳಸಿ, 110 ಡಿಗ್ರಿ ಸಾಕು. ಗ್ಯಾಸ್ ಕಟರ್‌ನ ಬೆಂಕಿ ನೇರವಾಗಿ ಹಿಡಿದರೆ ಒಂದು ಕಡೆ ಉಕ್ಕಿನ ಗಟ್ಟಿತನ ಹೋಗುತ್ತದೆ, ಕಣ್ಣಿಗೆ ಕಾಣದು. ಸುತ್ತಿಗೆಯ ಏಟು ಹೊರರಿಂಗಿಗೆ ಬಿದ್ದರೆ ಆ ಬಲ ರೋಲರ್ ಮೂಲಕ ದಾಟುತ್ತದೆ, ರೋಲರ್‌ನ ಅಚ್ಚು ಓಟದ ಹಾದಿಯಲ್ಲಿ ಮೂಡುತ್ತದೆ. ಆ ಬೇರಿಂಗ್ ಹುಟ್ಟುತ್ತಲೇ ಸತ್ತಂತೆ.

ಇನ್ನೊಂದು ತಪ್ಪು ಹೊರಗೆ ಕಾಣುವುದೇ ಇಲ್ಲ. ಫ್ರೇಮಿನ ಎರಡು ಬೇರಿಂಗ್‌ಗಳಲ್ಲಿ ಒಂದು ಮಾತ್ರ ಕದಲದಂತೆ ಕಟ್ಟಿರಬೇಕು, ಇನ್ನೊಂದು ಹೌಸಿಂಗ್ ಒಳಗೆ ಅಡ್ಡಕ್ಕೆ ಜಾರುವಂತಿರಬೇಕು. ಒಂದು ಮೀಟರ್ ಶಾಫ್ಟ್ 40 ಡಿಗ್ರಿ ಬಿಸಿಯಾದರೆ ಸುಮಾರು ಅರ್ಧ ಮಿ.ಮೀ. ಉದ್ದವಾಗುತ್ತದೆ. ಎರಡೂ ಕಡೆ ಕದಲದಂತೆ ತಡೆಯುವ ರಿಂಗ್ ಹಾಕಿ ಬಿಗಿದರೆ ಆ ಅರ್ಧ ಮಿ.ಮೀ.ಗೆ ಹೋಗಲು ಜಾಗವಿಲ್ಲದೆ ಎರಡು ಬೇರಿಂಗೂ ಒಂದನ್ನೊಂದು ಒತ್ತಿ ಸುಡುತ್ತವೆ. ಬಿಚ್ಚುವಾಗ ಯಾವ ಬದಿಯಲ್ಲಿ ರಿಂಗ್ ಇತ್ತು ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟರೆ ಈ ತಪ್ಪು ಆಗುವುದಿಲ್ಲ.

ಗ್ರೀಸ್: ಕಡಿಮೆಯೂ ಕೆಟ್ಟದ್ದು, ಹೆಚ್ಚೂ ಕೆಟ್ಟದ್ದು

ಹೊಸ ಬೇರಿಂಗ್‌ನ ರೋಲರ್‌ಗಳ ನಡುವೆ ಗ್ರೀಸ್ ಪೂರ್ತಿ ತುಂಬಿ. ಹೌಸಿಂಗ್‌ನ ಖಾಲಿ ಜಾಗದಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಮಾತ್ರ. ಪೂರ್ತಿ ತುಂಬಿದರೆ ರೋಲರ್‌ಗಳು ಗ್ರೀಸನ್ನು ಕಡೆಯುತ್ತ ಬಿಸಿಯಾಗುತ್ತವೆ, ಗ್ರೀಸ್ ಕರಗಿ ಎಣ್ಣೆ ಬಿಟ್ಟುಕೊಂಡು ಸೀಲ್‌ನಿಂದ ಸುರಿಯುತ್ತದೆ. ಅದನ್ನು ನೋಡಿ ‘ಗ್ರೀಸ್ ಸಾಲದು’ ಎಂದು ಇನ್ನಷ್ಟು ಹೊಡೆಯುತ್ತಾರೆ.

ಮರುಗ್ರೀಸ್‌ಗೆ ಸರಳ ಲೆಕ್ಕವಿದೆ: ಹೊರವ್ಯಾಸ (ಮಿ.ಮೀ.) × ಅಗಲ (ಮಿ.ಮೀ.) × 0.005 = ಗ್ರಾಂ. 22328ರ ಹೊರವ್ಯಾಸ 300, ಅಗಲ 102. ಗುಣಿಸಿದರೆ 153 ಗ್ರಾಂ. ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಬಿಡುತ್ತದೆ ಎಂಬುದು ಗನ್‌ನಿಂದ ಗನ್‌ಗೆ ಬೇರೆ. ಕಾಗದದ ಮೇಲೆ ಹತ್ತು ಒತ್ತು ಹೊಡೆದು, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿ ಹತ್ತರಿಂದ ಭಾಗಿಸಿ. ಆ ಸಂಖ್ಯೆಯನ್ನು ಗನ್ ಮೇಲೆಯೇ ಪೇಂಟಿನಲ್ಲಿ ಬರೆಯಿರಿ. ಮ್ಯಾನುಯಲ್ ಹೇಳಿದ ಅವಧಿಯ ಪ್ರಮಾಣವನ್ನು ಒಂದೇ ಸಲ ಹೊಡೆಯುವ ಬದಲು ಆ ಅವಧಿಗೆ ಹಂಚಿ ಕೊಟ್ಟರೆ ದೂಳಿನ ಜಾಗದಲ್ಲಿ ಒಳ್ಳೆಯದು. ಹೊಸ ಗ್ರೀಸ್ ಲ್ಯಾಬಿರಿಂತ್ ಸೀಲ್‌ನಿಂದ (ಸುತ್ತುಬಳಸು ಸಂದಿಯ ಸೀಲ್) ದೂಳನ್ನು ಹೊರದಬ್ಬುತ್ತದೆ.

ನಿಪ್ಪಲ್ ಒರೆಸದೆ ಗನ್ ಹಚ್ಚಿದರೆ ಮೊದಲು ಒಳಹೋಗುವುದು ಕಲ್ಲುಪುಡಿ. ಗ್ರೀಸ್ ಡ್ರಮ್ಮಿನ ಮುಚ್ಚಳ ತೆರೆದಿಡುವುದೂ ಅಷ್ಟೇ. ಒಂದು ಬ್ರ್ಯಾಂಡಿನಿಂದ ಇನ್ನೊಂದಕ್ಕೆ ಹೋಗುವಾಗ ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಲಿಥಿಯಂ ಗ್ರೀಸ್‌ಗೆ ಪಾಲಿಯೂರಿಯಾ ಗ್ರೀಸ್ ಬೆರೆತರೆ ನೀರಾಗಬಹುದು, ಹಳೆಯದನ್ನು ತೆಗೆದು ಒರೆಸಿಯೇ ಹೊಸದು ತುಂಬಿ.

ವೆಲ್ಡಿಂಗ್ ಅರ್ತ್, ಬೋಲ್ಟ್

ಚಲಿಸುವ ಜಾ ಮೇಲೆ ವೆಲ್ಡಿಂಗ್, ಅರ್ತ್ ಕ್ಲಿಪ್ ಮಾತ್ರ ಫ್ರೇಮಿಗೆ. ಹೀಗೆ ಮಾಡಿದರೆ ನೂರಾರು ಆಂಪ್ ಕರೆಂಟ್ ಬೇರಿಂಗ್ ರೋಲರ್‌ಗಳ ಮೂಲಕ ಹಾದು, ತಾಗುವ ಜಾಗದಲ್ಲಿ ಕಿಡಿ ಹಾರಿಸುತ್ತದೆ. ಅಲ್ಲಿ ಬೀಳುವ ಗುಂಡುಸೂಜಿ ತಲೆಯಷ್ಟು ಗುಳಿಯಿಂದ ಬೇರಿಂಗ್ ಉದುರಲು ಶುರುವಾಗುತ್ತದೆ. ಅರ್ತ್ ಕ್ಲಿಪ್ ಬೆಸುಗೆ ಹಾಕುವ ಭಾಗಕ್ಕೇ, ಬೆಸುಗೆಯ ಒಂದಡಿ ಆಸುಪಾಸಿಗೆ ಹಾಕಿ. ವೆಲ್ಡರ್ ಹೊರಗಿನವನಾದರೆ ಇದನ್ನು ಮೊದಲು ಹೇಳಿ.

ಬೋಲ್ಟ್‌ನ ತಲೆ ಮೇಲೆ 8.8 ಅಥವಾ 10.9 ಎಂದು ಅದರ ಬಲದ ದರ್ಜೆ ಅಚ್ಚಿರುತ್ತದೆ. ಅದೇ ಸಂಖ್ಯೆಯದ್ದನ್ನೇ ಹಾಕಿ. ಅಚ್ಚಿಲ್ಲದ ಬೋಲ್ಟ್ ಕ್ರಷರ್‌ನ ನಡುಕಕ್ಕೆ ಹಿಗ್ಗಿ ಸಡಿಲವಾಗುತ್ತದೆ. ಎಂ24 ಗಾತ್ರದ 8.8 ಬೋಲ್ಟ್‌ಗೆ ಸುಮಾರು 650 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಿಗಿ) ಬೇಕು. ಟಾರ್ಕ್ ವ್ರೆಂಚ್ ಇಲ್ಲದಾಗ ಅಂದಾಜು ಹೀಗೆ: ನಾಲ್ಕಡಿ ಪೈಪಿನ ತುದಿಗೆ 55 ಕೆ.ಜಿ. ಒತ್ತಿದಷ್ಟು. ತೂಗುವ ತಕ್ಕಡಿಯ ಕೊಕ್ಕೆ ಪೈಪ್ ತುದಿಗೆ ಕಟ್ಟಿ ಎಳೆದರೆ ಇದು ನಿಖರವಾಗಿಯೇ ಸಿಗುತ್ತದೆ.

ಬೆಲ್ಟ್, ಮೋಟರ್

ಆರು ವಿ-ಬೆಲ್ಟ್‌ಗಳಲ್ಲಿ ಒಂದು ಹೋದರೆ ಒಂದನ್ನೇ ಹಾಕಬೇಡಿ. ಹಳೆಯವು ಉದ್ದವಾಗಿರುತ್ತವೆ, ಹೊಸದೊಂದೇ ಪೂರ್ತಿ ಲೋಡ್ ಹೊತ್ತು ಹರಿಯುತ್ತದೆ. ಸೆಟ್ಟೇ ಬದಲಿಸಿ. ಪುಲ್ಲಿಗಳ ಸಾಲು ನೋಡಲು ಎರಡರ ಮುಖಕ್ಕೂ ದಾರ ಎಳೆದು ಹಿಡಿಯಿರಿ, ನಾಲ್ಕೂ ಕಡೆ ದಾರ ತಾಗಬೇಕು. ಬಿಗಿ: ಎರಡು ಪುಲ್ಲಿ ನಡುವಿನ ಒಂದು ಮೀಟರ್ ಉದ್ದಕ್ಕೆ 16 ಮಿ.ಮೀ. ಬಾಗುವವರೆಗೆ ಒತ್ತಿ, ಆ ಒತ್ತಡ ಬೆಲ್ಟ್ ಕಂಪನಿಯ ಪಟ್ಟಿಗೆ ಹೊಂದಬೇಕು. ಹೊಸ ಬೆಲ್ಟ್ ಒಂದು ದಿನ ಓಡಿದ ಮೇಲೆ ಮತ್ತೆ ಬಿಗಿ ಮಾಡಿ. ಅತಿ ಬಿಗಿ ಮೋಟರ್ ಬೇರಿಂಗ್‌ಗೆ ಮೃತ್ಯು.

ಮೋಟರ್ ಬಗ್ಗೆ ಎರಡೇ ಮಾತು. 100 ಎಚ್‌ಪಿ ಮೋಟರ್ 415 ವೋಲ್ಟ್‌ನಲ್ಲಿ ಪೂರ್ತಿ ಲೋಡಿಗೆ ಸುಮಾರು 130 ಆಂಪ್ ಎಳೆಯುತ್ತದೆ. ಓವರ್‌ಲೋಡ್ ರಿಲೇ ಪದೇಪದೇ ಬಿದ್ದರೆ ಅದರ ಸೆಟ್ಟಿಂಗ್ ಏರಿಸಬೇಡಿ, ಕಾರಣ ಹುಡುಕಿ. ನೇಮ್‌ಪ್ಲೇಟ್‌ನ ಆಂಪ್‌ಗಿಂತ ಮೇಲೆ ಸೆಟ್ ಮಾಡಿದ ರಿಲೇ ಇದ್ದೂ ಇಲ್ಲದಂತೆ. ಮೂರೂ ಫೇಸಿನ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್‌ನಲ್ಲಿ ಸಣ್ಣ ವ್ಯತ್ಯಾಸವಿದ್ದರೂ ಕರೆಂಟ್‌ನಲ್ಲಿ ಅದು ಹಲವು ಪಟ್ಟು ದೊಡ್ಡದಾಗಿ ವೈಂಡಿಂಗ್ ಸುಡುತ್ತದೆ. ಮಳೆಗಾಲದಲ್ಲಿ ನಿಂತಿದ್ದ ಮೋಟರ್ ಏಳಿಸುವ ಮೊದಲು 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. 5 ಮೆಗಾಓಮ್‌ಗಿಂತ ಕಡಿಮೆ ಇದ್ದರೆ ಮೊದಲು ಒಣಗಿಸಿ.

ಶೇಕರ್ ಸ್ಕ್ರೀನ್‌ನ ಪಕ್ಕದ ಪ್ಲೇಟಿಗೆ ಗ್ಯಾಸ್‌ನಲ್ಲಿ ತೂತು ಮಾಡುವುದು, ವೆಲ್ಡ್ ಹಾಕುವುದು ಬೇಡ. ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಂದು ಸ್ಪ್ರಿಂಗ್ ಮುರಿದರೆ ಆ ಮೂಲೆಯ ಸೆಟ್ಟೇ ಬದಲಿಸಿ. ಓಡುವ ಕನ್ವೇಯರ್‌ನ ಟೇಲ್ ಪುಲ್ಲಿಗೆ ಅಂಟಿದ ಮಣ್ಣನ್ನು ಸಲಿಕೆಯಿಂದ ಕೆರೆಯಲು ಯಾರನ್ನೂ ಬಿಡಬೇಡಿ.

ರಿಪೇರಿ ಮುಗಿದ ಮೇಲೆ ಯಂತ್ರ ಏಳಿಸುವುದು

ಕೈಯಿಂದ ಫ್ಲೈವೀಲ್ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗದು ಎಂದು ನೋಡಿ. ಖಾಲಿ ಓಡಿಸಿ. ನಾಲ್ಕೂ ಬೇರಿಂಗ್ ಮೇಲೆ ಚಾಕ್‌ನಲ್ಲಿ ಗುರುತು ಹಾಕಿ, ಹದಿನೈದು ನಿಮಿಷಕ್ಕೊಮ್ಮೆ ಅದೇ ಗುರುತಿಗೆ ಟೆಂಪರೇಚರ್ ಗನ್ ಹಿಡಿದು ಪುಸ್ತಕದಲ್ಲಿ ಬರೆಯಿರಿ. ಬಿಸಿಲು ಬೀಳುವ ಮೈ ಬೇಡ, ನೆರಳಿನ ಬದಿ ಆರಿಸಿ. ಹೊಸ ಗ್ರೀಸ್ ಹರಡುವಾಗ ಬಿಸಿ ಮೊದಲು ಏರಿ, ಆಮೇಲೆ ಇಳಿದು ಒಂದು ಕಡೆ ನಿಲ್ಲುತ್ತದೆ. ಇಳಿಯದೆ ಏರುತ್ತಲೇ ಹೋದರೆ, ಅಥವಾ ಒಂದು ಬೇರಿಂಗ್ ಮಿಕ್ಕ ಮೂರಕ್ಕಿಂತ 15-20 ಡಿಗ್ರಿ ಮೇಲಿದ್ದರೆ ನಿಲ್ಲಿಸಿ ಬಿಚ್ಚಿ ನೋಡಿ. 90 ದಾಟಲು ಬಿಡಬೇಡಿ.

ಎರಡು ಗಂಟೆ ಖಾಲಿ ಓಡಿ ಬಿಸಿ ನಿಂತ ಮೇಲೆ ಅರ್ಧ ಲೋಡ್ ಕೊಡಿ, ಒಂದು ಗಂಟೆಯ ನಂತರ ಪೂರ್ತಿ. ಸಂಜೆ ನಿಲ್ಲಿಸುವಾಗ ಮೊದಲು ಫೀಡರ್, ಬಾಯಿ ಖಾಲಿಯಾದ ಮೇಲೆ ಕ್ರಷರ್, ಕೊನೆಗೆ ಕನ್ವೇಯರ್. ಬೀಗ ಹಾಕಿ ಬೋಲ್ಟ್‌ಗಳನ್ನು ಮತ್ತೊಂದು ಸುತ್ತು ಬಿಗಿ ಮಾಡಿ, ಪ್ರತಿ ನಟ್ ಮೇಲೂ ಪೇಂಟ್ ಗೆರೆ ಎಳೆಯಿರಿ. ಮರುದಿನದ ಓಟ ಮುಗಿದ ಮೇಲೆ ಗೆರೆ ತಪ್ಪಿದ ನಟ್ ಯಾವುದು ಎಂದು ಟಾರ್ಚ್ ಬೆಳಕಿನಲ್ಲೇ ಗೊತ್ತಾಗುತ್ತದೆ.